ಜಿನಾ ಸುಲಿದ ಚಕ್ಕೆ

ಹಲೋ… ಯಾರು ಮಾತಾಡ್ತಿರೋದು?… ತಾಮರಾ? ಯಾವ ತಾಮರಾ?… ಹಾಂ, ಗಾಲೆಯ ಪತ್ರಿಕೆಯವರು. ಹೇಳಮ್ಮ, ಸುಮನವೀರನೇ.

ಶ್ರೀಲಂಕಾದ ಕರಂದೆನಿಯ ಊರಿನ ದಾಲ್ಚಿನ್ನಿ ವರ್ತಕ ಸುಮನವೀರ ರೇಡಿಯೊದ ಸದ್ದು ತಗ್ಗಿಸಿ ನೆಟ್ಟಗೆ ಕುಳಿತ. ಪತ್ರಿಕೆಯವರು ಅವನಿಗೆ ಫೋನು ಮಾಡಿ ನಾಲ್ಕು ವರ್ಷವಾಗಿತ್ತು.

…ನಾಯಕತ್ವದ ಬಗ್ಗೆಯಾ? ಬರ್ಕೊಳ್ತೀರಲ್ವಾ? ನಾಯಕ ಅಂದ್ರೆ ಕೊಂಬೆ ಹಸಿ ಇದ್ದಾಗಲೇ ಚಾಕು ಹಾಕೋನು. ಒಣಗಿದ ಮೇಲೆ ಹಾಕಿದ್ರೆ ಬರೀ ಚೂರು. ಎರಡು ವರ್ಷದಲ್ಲಿ ಮೂವರು ಮಂತ್ರಿಗಳಿಗೆ ಹಾರ ಹಾಕಿದೀನಿ. ಭಾಷಣ ಮಾತ್ರ ಒಂದೇ. ಡಾಲರು ಬೆಳಗ್ಗೆ ಒಂದು ಬೆಲೆ, ಸಂಜೆ ಒಂದು. ಅಂಥ ಹೊತ್ತಲ್ಲಿ…

…ಏನಂದಿರಿ? ಯಾರ ಬಗ್ಗೆ ಲೇಖನ?

…ಕುಸುಮಲತಾ. ಹಾಂ. ಅಂದ್ರೆ ನನ್ನ ಬಗ್ಗೆ ಅಲ್ಲ.

…ಗೊತ್ತಿಲ್ಲದೆ ಏನು! ನನ್ನ ಆಫೀಸಲ್ಲೇ ಆರು ವರ್ಷ ಟೈಪು ಮಾಡ್ತಿದ್ದಳು. ಒಳ್ಳೆ ಚಕ್ಕೆ ಮೂಸಿ ನೋಡೋದು ಕಲಿಸಿದ್ದೇ ನಾನು. ಈಗ ಅವಳದೇ ವ್ಯಾಪಾರ, ರಫ್ತುದಾರರ ಸಂಘಕ್ಕೆ ಅಧ್ಯಕ್ಷೆ! ಮಂತ್ರಿ ಅವಳ ಅಂಗಳಕ್ಕೇ ಬಂದಿದ್ನಂತೆ, ಹೌದಾ?… ಊಟಾನೂ ಮಾಡಿದ್ನಾ?… ಎರಡನೇ ಸಲ ಬಡಿಸ್ಕೊಂಡ್ನಾ? ನನ್ನ ಮನೇಲಿ ಚಾ ಕೂಡ ಮುಟ್ಟಲಿಲ್ಲ. ಎಲ್ಲಾ ಅವಳ ಅದೃಷ್ಟ.

…ಅದೃಷ್ಟ ಅಲ್ಲ ಅಂತೀರಾ? ಮತ್ತೇನು?

…ಓ, ಅರ್ಧ ಪಾಲು. ಅದನ್ನೂ ಹೇಳಿದ್ಲಾ? ನೋಡಿ ಮಗಳೇ, ಸುಲಿದ ಚಕ್ಕೆಯಲ್ಲಿ ಸುಲಿದೋರಿಗೆ ಅರ್ಧ ಅನ್ನೋದು ನಮ್ಮಪ್ಪನ ಕಾಲದ ಕಟ್ಟಳೆ. ಡಾಲರು ಏರ್ತು, ಚಕ್ಕೆಯೂ ಏರ್ತು. ಪಾಲು ಬೇಡ, ದಿನಗೂಲಿ ತಗೊಳ್ಳಿ ಅಂದೆ. ಬುದ್ಧಿ ಇದ್ದೋರು ಯಾರಾದ್ರೂ ಹಾಗೇ ಮಾಡ್ತಿದ್ರು, ಅಲ್ವಾ?… ಅಲ್ವಾ?

…ಹೌದು, ಸುಲಿಯೋರು ಹನ್ನೊಂದು ಜನ. ಅವಳು ಅರ್ಧ ಕೊಡ್ತಾಳೆ ಅಂತ ಚಾಕು ಚೀಲಕ್ಕೆ ಹಾಕ್ಕೊಂಡು ಸೀದಾ ಅವಳ ಗೇಟಿಗೆ ಹೋದರು. ಹೋಗ್ಲಿ. ಆದ್ರೆ ಜಿನಾ! ಇಪ್ಪತ್ತೇಳು ವರ್ಷ ನನ್ನ ಹತ್ರ ಇದ್ದ. ಕಾಗದದಷ್ಟು ತೆಳ್ಳಗೆ ಸುಲೀತಾನೆ. ಅಂಥ ಕೈ ಈ ಸೀಮೇಲಿ ಇನ್ನೊಂದಿಲ್ಲ. ಹೊಸ ವರ್ಷಕ್ಕೆ ವೀಳ್ಯದೆಲೆ ಹಿಡ್ಕೊಂಡು ಮೊದಲು ನನ್ನ ಕಾಲಿಗೇ ಬೀಳ್ತಿದ್ದ. ಈ ವರ್ಷ ಅವಳಿಗೆ ಬಿದ್ದನಾ? ನಿಜ ಹೇಳಿ.

…ಏನು? ಅವಳೇ ಅವನಿಗೆ ವೀಳ್ಯದೆಲೆ ಕೊಟ್ಟು ಬಿದ್ದಳಾ? ಯಜಮಾನಿ, ಸುಲಿಯೋನ ಕಾಲಿಗೆ?… ಹಿರಿಯ ಅಂತಾನಾ? ಅವನಿಗೆಷ್ಟು ವಯಸ್ಸು?… ನನಗಿಂತ ಐದು ವರ್ಷ ದೊಡ್ಡೋನಾ?

ಸುಮನವೀರ ಫೋನನ್ನು ಕಿವಿಗೆ ಒತ್ತಿಕೊಂಡ. ಆ ಕಡೆಯಿಂದ ಕೊಂಬೆ ಹೆರೆಯುವ ಸದ್ದು ಸಣ್ಣಗೆ ಬರುತ್ತಿತ್ತು. ಆ ಲಯ ಅವನಿಗೆ ಗೊತ್ತು.

…ನೀವೀಗ ಅವಳ ಅಂಗಳದಲ್ಲೇ ಇದೀರಾ? ಹೆರೀತಿರೋದು ಜಿನಾ ಅಲ್ವಾ?… ಫೋನು ಕೊಡಿ ಅವನಿಗೆ. ಒಂದೇ ನಿಮಿಷ.

…ಜಿನಾ? ನಾನು ಕಣೋ.… ಹಾಂ, ಇದೀನಿ. ನೋಡು, ಅರ್ಧ ಕೊಡ್ತೀನಿ, ಮೊದಲಿನ ಹಾಗೇ. ವಾಪಸ್ ಬಾ.… ಸಾಲದಾ? ಎಷ್ಟು ಬೇಕು, ಬಾಯಿಬಿಟ್ಟು ಹೇಳು.… ಪಾಲಿನ ಮಾತಲ್ವಾ? ಮತ್ತೇನು ಕೊಡ್ತಾಳೆ ಅವಳು, ನಾನು ಕೊಡದೆ ಇರೋದು?

…ಚಕ್ಕೆ ಕಟ್ಟಿನ ಚೀಟಿ ಮೇಲೆ ನಿನ್ನ ಹೆಸರಾ? ಮೆಕ್ಸಿಕೋಗೆ ಹೋಗೋ ಕಟ್ಟಿನ ಮೇಲೆ?

…ಅದೇನು ಮಹಾ! ನಾನೂ ಹಾಕಿಸ್ತೀನಿ. ಅವಳಿಗಿಂತ ದೊಡ್ಡ ಅಕ್ಷರದಲ್ಲಿ. ತಡಿ, ಈಗಲೇ ಬರ್ಕೋತೀನಿ.

ಪೆನ್ನು ತೆಗೆದು 'ಜಿನಾ' ಎಂದು ಬರೆದ. ಮುಂದೆ ಏನು ಬರೆಯಬೇಕೋ ಅವನಿಗೆ ತಿಳಿಯಲಿಲ್ಲ.

…ಹಲೋ, ಇದೀಯಾ?… ಜಿನಾ ಅಂದ್ರೆ… ಪೂರ್ತಿ ಏನು? ಜಿನದಾಸನಾ, ಜಿನಪಾಲನಾ?… ಮನೆತನದ ಹೆಸರು?… ಹಲೋ? ನಗ್ತಿದೀಯಾ?… ಹಲೋ—