ಹೊಟ್ಟೆಗೆ ಸುತ್ತಿದ ಕೆಂಪು ರೇಷ್ಮೆ

ಕೌಲೂನ್ ನಿಲ್ದಾಣ, ೧೯೪೮. ಕ್ಯಾಂಟನ್ ರೈಲಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿದ್ದೆ. ಕಿವಿ ಮಾತ್ರ ಅವರ ಕಡೆಗಿತ್ತು.

“ಫುಂಗ್ ಅಕ್ಕಾ, ಈ ವಯಸ್ಸಲ್ಲಿ ಮತ್ತೆ ಬಸುರಿನಾ?”

“ಮೆಲ್ಲಗೆ ಮಾತಾಡೇ, ಯೂಕ್! ಮಗಳ ಮದುವೆ ರೇಷ್ಮೆ ಕಣೇ, ಸುತ್ಕೊಂಡಿದೀನಿ.”

“ಸುಂಕ ಕಟ್ಲಿಲ್ವಾ? ಈಗ ಗಡಿಯ ಎರಡೂ ಕಡೆ ಸರ್ಕಾರದೋರು ಒಪ್ಪಂದ ಮಾಡ್ಕೊಂಡಿದಾರಲ್ಲ. ಇಲ್ಲೇ ಕಟ್ಟಿದ್ರೆ ಗಡೀಲಿ ಯಾರೂ ಮುಟ್ಟಲ್ಲ.”

“ನಿನ್ನೆನೇ ಕಟ್ದೆ. ಮುದ್ರೆನೂ ಹಾಕಿಸ್ದೆ.”

“ಮತ್ತೆ ಹೊಟ್ಟೆಗ್ಯಾಕೆ?”

“ಇಪ್ಪತ್ತು ವರ್ಷದ ಅಭ್ಯಾಸ. ಬೆಳಿಗ್ಗೆ ಎದ್ದೆ, ಕೈ ತಾನೇ ಸುತ್ತಿಬಿಡ್ತು.”

“ಅಯ್ಯೋ! ಬಚ್ಚಿಟ್ಟಿದ್ದು ಸಿಕ್ರೆ ಮುದ್ರೆ ಇದ್ರೂ ಕಿತ್ಕೋತಾರೆ. ಮದುವೆ ದಿನ ಅತ್ತೆಗೆ ಚಹಾ ಕೊಡೋ ಶಾಸ್ತ್ರಕ್ಕೆ ಮಗಳು ಏನುಟ್ಕೋಬೇಕು? ಬಿಚ್ಚು!”

“ಇಲ್ಲೇನೇ?”

“ನನ್ನ ಛತ್ರಿ ಮರೆ ಇದೆ. ತಿರುಗು.”

ಛತ್ರಿಯ ಹಿಂದೆ ಫುಂಗ್ ಅಕ್ಕ ಗರಗರನೆ ತಿರುಗಿದರು. ಸಾಲೆಲ್ಲ ನಕ್ಕಿತು, ನಾನೂ ನಕ್ಕೆ.

ಕೆಂಪು ರೇಷ್ಮೆಯನ್ನು ತೋಳ ಮೇಲೆ ಹೊತ್ತು ಅವರು ತಪಾಸಣೆಯ ಮೇಜಿನ ಮುಂದೆ ನಿಂತರು. ಅಧಿಕಾರಿ ಮುದ್ರೆ ನೋಡಿ ಕೇಳಿದ: “ಮದುವೇನಾ?”

“ಹೂಂ ಸ್ವಾಮಿ, ಮಗಳದು!”

ಸುಂಕದವನ ಮುಂದೆ ಅವರು ನಿಜ ಹೇಳಿದ್ದು ಅದೇ ಮೊದಲಿರಬೇಕು. ದನಿ ನಿಲ್ದಾಣಕ್ಕೆಲ್ಲ ಕೇಳಿಸಿತು. ಇಬ್ಬರೂ ನಗುತ್ತಲೇ ರೈಲಿನತ್ತ ಓಡಿದರು.