ಮೀನಿನ ಪಾಲಿನ ಸೌತೆಕಾಯಿ

ತರಕಾರಿ ಅಂಗಡಿಯಲ್ಲಿ ತೂಕ ಹಾಕಿಸುವ ಸಾಲು. ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಒಂದು ಎಳೆ ಸೌತೆಕಾಯಿ, ಒಂದು ಹಿಡಿ ಹಸಿ ಬಟಾಣಿ.

“ಇದ್ಯಾರಿಗ್ರೀ?”

“ನಮ್ಮ ತೊಟ್ಟಿ ಮೀನುಗಳಿಗೆ ಕಣೇ.”

“ಉಗುರಿನಷ್ಟಿರೋ ಆರು ಮೀನಿಗೆ ಇಷ್ಟುದ್ದ ಸೌತೆಕಾಯಾ! ಡಾಕ್ಟರು ತರಕಾರಿ ತಿನ್ನಿ ಅಂದಿದ್ದು ನಿಮಗೆ. ನಾನು ಬಡಿಸಿದ್ರೆ ತಟ್ಟೆ ಅಂಚಿಗೆ ತಳ್ತೀರಿ.”

“ಮೀನಿಗಾದ್ರೆ ಉಪ್ಪಿಲ್ದೆ ಬೇಯಿಸಿ, ಒಂದೊಂದೇ ಕಾಳಿನ ಸಿಪ್ಪೆ ತೆಗೀತೀನಿ.”

“ನಲವತ್ತು ವರ್ಷದಲ್ಲಿ ನನಗೊಂದು ಕಾಳು ಸುಲಿದುಕೊಟ್ಟವರಲ್ಲ! ಹದವಾಗಿ ಬೆಂದಿದೆ ಅಂತ ಹೇಗೆ ಗೊತ್ತಾಗತ್ತೆ ನಿಮಗೆ?”

“ತಿಂದು ನೋಡ್ತೀನಿ.”

“ನೀವಾ? ತರಕಾರೀನಾ?”

“ಹೂಂ. ಒಂದೊಂದು ಮೀನಿನ ಪಾಲಿಂದಲೂ ಒಂದೊಂದು ಹೋಳು. ಗಟ್ಟಿ ಇದ್ರೆ ಪಾಪ, ಅವು ಹೇಗೆ ತಿನ್ನಬೇಕು?”

ಹೆಂಡತಿ ಹೋಗಿ ಇನ್ನೂ ಮೂರು ಸೌತೆಕಾಯಿ ಆರಿಸಿ ತಂದು ತಕ್ಕಡಿಗೆ ಹಾಕಿದರು.

“ಇಷ್ಟೊಂದು ಯಾಕೆ?”

“ಪಾಪ, ಆರೇ ಮೀನು ಬೇಜಾರು ಮಾಡ್ಕೊಂಡಿರತ್ವೆ. ಹೋಗ್ತಾ ಇನ್ನೊಂದು ಡಜನ್ ಮೀನು ಕೊಳ್ಳೋಣ.”

“ತೊಟ್ಟೀಲಿ ಜಾಗ ಎಲ್ಲಿದೆ?”

“ತೊಟ್ಟೀನೂ ದೊಡ್ಡದೇ ತಗೊಳ್ಳೋಣ, ನಡೀರಿ” ಎಂದು ಅವರು ದುಡ್ಡು ಕೊಟ್ಟು, ಚೀಲ ಎತ್ತಿಕೊಂಡು, ಗಂಡನ ತೋಳು ಹಿಡಿದು ಬಾಗಿಲ ಕಡೆ ಹೊರಟೇಬಿಟ್ಟರು.