ಯತ್ತಪ್ಪನ ಹೆಸರಿನ ಮುಂದೆ ಮೂರು ಗೆರೆ

"ಹಲೋ... ಹಲೋ, ದೊಡ್ಡಾಸ್ಪತ್ರೆನಾ? ಯಾರು ಮಾತಾಡ್ತಿರೋದು?... ಪರ್ವತಯ್ಯನೋರಾ? ಔಷಧಿ ಸ್ಟೋರಿನ ಪರ್ವತಯ್ಯನೋರೇ ಅಲ್ವಾ? ನಾನು ಸಾರ್, ನರ್ಸು ಪಾಪಕ್ಕ... ಹಾಂ, ಅದೇ ಪಾಪಕ್ಕ. ಬುಕ್ಕಾಪಟ್ಟಣದ ಪೋಸ್ಟಾಫೀಸಿಂದ."

ಈ ಟ್ರಂಕ್ ಕಾಲಿಗಾಗಿ ಪಾಪಕ್ಕ ಎರಡು ಗಂಟೆ ಕಾದಿದ್ದಳು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದರೂ ಕಣ್ಣು ಮಾತ್ರ ಕಿಟಕಿಯಾಚೆಯ ಜಗಲಿಯ ಮೇಲೇ ಇತ್ತು. ಅಲ್ಲಿ ಕುರಿಹಟ್ಟಿಯ ಕೊಲ್ಲಾಪುರಮ್ಮ ಮೊಮ್ಮಗ ಯತ್ತಪ್ಪನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದಳು. ಎರಡು ವರ್ಷದ ಕೂಸು. ಉಸಿರೆಳೆದಾಗಲೆಲ್ಲ ಹಸಿ ಮರಕ್ಕೆ ಗರಗಸ ಇಟ್ಟಂಥ ಸದ್ದು ಒಳಗಿನವರೆಗೂ ಕೇಳುತ್ತಿತ್ತು.

"ಗಂಟಲಮಾರಿ ಸಾರ್... ಬಾಯಿ ತೆಗ್ಸಿ ನೋಡೇ ಹೇಳ್ತಾ ಇವ್ನಿ. ಬೂದಿ ಬಣ್ಣದ ಪೊರೆ ಗಂಟಲ ತುಂಬ ಕಟ್ಕೊಂಡೈತೆ. ಕುತ್ಗೆ ಊದೋಗೈತೆ. ನಿಮ್ಮ ಫ್ರಿಜ್ಜಲ್ಲಿ ಇದರ ವಿಷ ಇಳಿಸೋ ಸೀರಂ ಐತಲ್ವಾ? ಅದನ್ನ ಜೀಪಲ್ಲಿ ಕಳ್ಸಿಕೊಡಿ... ಬಸ್ಸಾ? ಬೆಳಗಿನದು ಹೊಂಟೋಯ್ತು. ಇನ್ನು ಮೂರು ಗಂಟೆಗೇ. ಅಲ್ಲೀಗಂಟ ತಡೆಯಾಕಿಲ್ಲ ಸಾರ್ ಈ ಮಗ."

...

"ಪ್ರೈವೇಟ್ ಆಸ್ಪತ್ರೆಗಾ? ಫ್ಯಾಕ್ಟ್ರಿ ಕೆಲಸದೋರಿಗಾದ್ರೆ ಕಾರ್ಡು ಇರ್ತದೆ, ತೋರಿಸಿ ಔಷಧಿ ಈಸ್ಕೊತಾರೆ. ಕುರಿ ಹಿಂದೆ ತಿರುಗೋರಿಗೆ ಯಾವ ಕಾರ್ಡು ಸಾರ್? ಇವರ ಹಟ್ಟೀಲಿ ಕುರಿಗೆ ವಿಮೆ ಐತೆ, ಗೊತ್ತಾ? ಬ್ಯಾಂಕ್ನೋರು ಕಿವಿಗೆ ಬಿಲ್ಲೆ ಹೊಡ್ದವ್ರೆ. ಕುರಿ ಸತ್ರೆ ಕಿವಿ ಕುಯ್ದು ತಗೊಂಡೋಗಿ ತೋರಿಸಿದ್ರೆ ದುಡ್ಡು ಬತ್ತದೆ. ಈ ಮಗೀನ ಕಿವೀಲಿ ಏನೈತೆ ಸಾರ್?... ಇಲ್ಲ, ಜಗಳ ಆಡ್ತಿಲ್ಲ. ಬೇಡ್ಕೊತಾ ಇವ್ನಿ."

...

"ಹೆಸ್ರಾ? ಯತ್ತಪ್ಪ. ತಾಯಿ ಕರಿಯಕ್ಕ, ಕುರಿ ಹಿಂದೆ ಹೋಗವ್ಳೆ. ಎಂಬತ್ತೈದರಲ್ಲಿ ಹುಟ್ಟಿದ್ದು... ಈಗ್ಯಾಕೆ ಸಾರ್ ಚುಚ್ಚುಮದ್ದಿನ ರಿಜಿಸ್ಟ್ರು?... ಆಯ್ತು. ನೋಡಿ."

ಆ ಕಡೆ ಹಾಳೆ ಮಗುಚುವ ಸದ್ದು. ಯಾವ ಪುಟ, ಎಷ್ಟನೆಯ ಸಾಲು, ಯಾವ ಶಾಯಿ ಎಂಬುದು ಪಾಪಕ್ಕನಿಗೆ ಬಾಯಿಪಾಠವಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೂಂ... ಮೂರು ಗೆರೆ ಐತೆ, ಗೊತ್ತು... ಅಂಗನ್ಬೇಡಿ. ಮೂರೂ ಚುಚ್ಚಿಸ್ಕೊಂಡ ಮಗಿಗೆ ಇದು ಇಷ್ಟು ಜೋರಾಗಿ ಬರಾಕಿಲ್ಲ ಅಂತ ನಂಗೂ ಗೊತ್ತು ಸಾರ್... ಬರೀ ಗಂಟ್ಲು ಬಾವಲ್ಲ. ಮಾತ್ರೆ ಅರೆದು ಕೊಡೋಕೆ ಗುಟುಕು ನೀರೂ ಇಳೀತಿಲ್ಲ... ಡಾಕ್ಟ್ರಿಗೆ ಫೋನು ಕೊಟ್ರೂ ಅವರೂ ಅದೇ ಪುಟ ನೋಡಿ ಅದೇ ಮಾತು ಹೇಳ್ತಾರೆ, ಅಲ್ವಾ?... ಅಮ್ಮಾ, ಆಪರೇಟ್ರಮ್ಮ, ಕಟ್ ಮಾಡ್ಬೇಡಿ, ಇನ್ನೂ ಮೂರು ನಿಮಿಷ ಹಾಕಿ, ಕೈ ಮುಗೀತೀನಿ."

ಹಟ್ಟಿಯ ಕಟ್ಟಳೆ ಪಾಪಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಹೆತ್ತವಳು ಮೈಲಿಗೆ ಕಳೆಯುವವರೆಗೆ ಕೂಸಿನೊಂದಿಗೆ ಹಟ್ಟಿಯ ಸುತ್ತಿನ ಮುಳ್ಳಿನ ಕಳ್ಳೆಬೇಲಿಯ ಆಚೆ, ಒಂಟಿ ಗುಡಿಸಲಲ್ಲಿ ಇರಬೇಕು. ಊರಾಚೆಯ ಕೇರಿಯಿಂದ ಬಂದ ಪಾಪಕ್ಕ ಆ ಬೇಲಿಯ ಒಳಕ್ಕೆ ಕಾಲಿಡುವಂತಿಲ್ಲ. ಹೀಗಾಗಿ ಇಬ್ಬರೂ ಹೊರಗಿನವರೇ ಆಗಿ ಎದುರುಬದುರು ಕೂರಬಹುದಾದ ಜಾಗ ಆ ಗುಡಿಸಲೊಂದೇ. ಒಂದೂವರೆ ತಿಂಗಳಿಗೆ ಮೊದಲ ಚುಚ್ಚುಮದ್ದು ಅಲ್ಲೇ ಆಗುತ್ತಿತ್ತು. ಕರಿಯಕ್ಕ ನಕ್ಕು, "ನಿನ್ನ ಸೂಜಿಗಿಂತ ನಮ್ಮತ್ತೆ ಬಾಯೇ ಚೂಪು ಕಣಕ್ಕ" ಎಂದು ಮಗುವನ್ನು ಮಡಿಲಿಗೆ ಹಾಕಿದ್ದಳು. ಆಮೇಲೆ ಮೈಲಿಗೆ ಕಳೆದು ತಾಯಿ ಕೂಸು ಒಳಗೆ ಹೋದರೆ ಮುಗಿಯಿತು. ಎರಡನೆಯದು, ಮೂರನೆಯದು ಬೇಲಿಯ ಬುಡದಲ್ಲೇ ನಿಲ್ಲುತ್ತಿದ್ದವು. ಫ್ಲಾಸ್ಕಿನ ಐಸು ಕರಗುವವರೆಗೆ ನಿಂತು ಕೂಗಿದರೂ ಇದೇ ಕೊಲ್ಲಾಪುರಮ್ಮ ಕೋಲು ಊರಿಕೊಂಡು ಬಂದು, "ದೂರ ನಿಂತ್ಕಳವ್ವ, ಹಟ್ಟಿ ಕೆಡ್ತದೆ. ಹುಟ್ಟಿದಾಗಲೇ ಹಾಕಿದ್ದೀಯಲ್ಲ, ಸಾಕು ಬುಡು" ಅನ್ನುತ್ತಿದ್ದಳು.

"ಆ ಗೆರೆ ಸುಳ್ಳು ಸಾರ್."

...

"ಹಾಂ. ಸುಳ್ಳು. ನಾನು ಚುಚ್ಚಿದ್ದು ಒಂದೇ. ಇನ್ನೆರಡು ಕೂತ್ಕೊಂಡು ಎಳ್ದಿದ್ದು... ಯಾಕಾ? ಮೀಟಿಂಗಲ್ಲಿ ನೀವೂ ಇದ್ರಲ್ಲ ಸಾರ್, ಟೀ ಹಂಚ್ತಾ ಇದ್ರಿ. ಚುಚ್ಚುಮದ್ದಿನ ಲೆಕ್ಕದಲ್ಲಿ ಮಧುಗಿರಿಯೋರು ಮುಂದವ್ರೆ, ಕೊರಟಗೆರೆಯೋರು ಮುಂದವ್ರೆ, ಕೊನೇಗೆ ಪಾವಗಡದೋರೂ ನಿಮ್ಮನ್ನ ದಾಟ್ತಾವ್ರೆ, ನಿಮಗೆ ನಾಚ್ಕೆ ಇಲ್ವಾ ಅಂತ ದೊಡ್ಡ ಸಾಹೇಬ್ರು ನನ್ನ ನಿಲ್ಲಿಸ್ಕೊಂಡು ಬೈದ್ರಲ್ಲ. ಹಟ್ಟಿ ಒಳೀಕೆ ಬಿಡಲ್ಲ ಸಾರ್ ಅಂದೆ. ನಕ್ರು. ಬಿಡದಿದ್ರೂ ಪೆನ್ನು ಒಳೀಕೆ ಹೋಯ್ತದಲ್ಲಮ್ಮ ಅಂದ್ರು. ಎಲ್ರೂ ನಕ್ರು. ನೀವೂ ನಕ್ರಿ ಪರ್ವತಯ್ಯನೋರೆ."

...

"ಕುರಿ ಡಾಕ್ಟ್ರು ಹೆಂಗೆ ಹೋಯ್ತಾರೆ ಅಂದ್ರಾ? ಹೋಯ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋದ್ರೆ ಮಜ್ಜಿಗೆ ಕೊಟ್ಟು ಕಳಿಸ್ತಾರೆ. ಹಟ್ಟೀಲಿ ಒಂದು ಕುರೀನೂ ಚುಚ್ಚಿಸ್ಕೊಳ್ದೆ ಉಳಿದಿಲ್ಲ. ನಾನೂ ಚಪ್ಪಲಿ ಬಿಟ್ಟೆ ಸಾರ್. ಬಿಡೋಕಾಗದಿದ್ದುದು ಬೇರೆ."

...

"ಕೆಲಸ ಹೋಗ್ಲಿ... ಗೊತ್ತು, ನಂಗೂ ಇಬ್ರು ಮಕ್ಳು... ಬರ್ಕೊಳಿ. ಪಾಪಕ್ಕ ಸುಳ್ಳು ಲೆಕ್ಕ ಬರ್ದವಳೆ ಅಂತ, ಕೆಂಪು ಶಾಯೀಲೇ ಬರ್ಕೊಳಿ. ಸೈನು ಹಾಕ್ತೀನಿ. ಸೀರಂ ಕಳ್ಸಿ, ಅಷ್ಟೇ... ಹಾಂ? ಏನಂದ್ರಿ?... ಕಳಿಸ್ತೀರಾ? ಈಗ್ಲೇ? ಡ್ರೈವರು ಊಟಕ್ಕೆ ಹೋಗವ್ರಾ? ಎಬ್ಬಿಸ್ಕೊಂಡು ಬನ್ನಿ ಸಾರ್, ನನ್ನಪ್ಪ, ಓಡಿ... ನಾನು ಹಿಡ್ಕೊಂಡೇ ಇರ್ತೀನಿ."

ಕಾಯುತ್ತಾ ನಿಂತವಳಿಗೆ ಎದೆಯ ಮೇಲಿನ ಕಲ್ಲನ್ನು ಯಾರೋ ಅರ್ಧ ಎತ್ತಿದಂತಾಯಿತು. ಪೋಸ್ಟ್‌ಮಾಸ್ತರ ಅಡವಯ್ಯ ಮುದ್ರೆ ಒತ್ತುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಆಗ ಅವಳಿಗೆ ಕೇಳಿಸಿತು. ಕೇಳಿಸಿತೆಂದರೆ, ಇಷ್ಟು ಹೊತ್ತೂ ಕೇಳುತ್ತಿದ್ದುದು ನಿಂತಿತು. ಗರಗಸದ ಸದ್ದು.

ಕೊಲ್ಲಾಪುರಮ್ಮ ಎದ್ದು ಒಳಗೆ ಬಂದಳು. ಕೋಲು ಜಗಲಿಯಲ್ಲೇ ಬಿದ್ದಿತ್ತು. ಯಾವಾಗಲೂ ನಾಲ್ಕು ಮಾರು ದೂರದಿಂದಲೇ ಮಾತಾಡಿಸುತ್ತಿದ್ದ ಮುದುಕಿ ನೇರ ಬಂದು ಕಂಬಳಿಯ ಗಂಟನ್ನು ಪಾಪಕ್ಕನ ಎದೆಗೆ ಒತ್ತಿ, ಅವಳ ಕೈಯನ್ನು ತಾನೇ ಹಿಡಿದು ಮಗುವಿನ ಸುತ್ತ ಬಳಸಿದಳು.

"ನೀನೇ ಎತ್ಕಳವ್ವ. ನೀನು ಮುಟ್ಟವ್ವ. ನೀನು ಮುಟ್ಟಿದ್ರೆ ಎದ್ದಾನು."

ಪಾಪಕ್ಕ ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿ ಮಗುವನ್ನು ಎತ್ತಿಕೊಂಡಳು. ಎದೆ ಒತ್ತಿದಳು, ಬಾಯಿಗೆ ಬಾಯಿಟ್ಟು ಊದಿದಳು. ಮತ್ತೆ ಊದಿದಳು. ಮೈ ಇನ್ನೂ ಬೆಚ್ಚಗಿತ್ತು. ಎಡತೊಡೆಯ ಮೇಲೆ, ಎರಡು ವರ್ಷದ ಹಿಂದಿನ ಸೂಜಿಯ ಗುರುತೂ ಉಳಿದಿರಲಿಲ್ಲ. ಆ ಕಡೆಯಿಂದ ಯಾರೋ ಬಹಳ ಹೊತ್ತಿನಿಂದ ಕರೆಯುತ್ತಿದ್ದರು.

"ಹಲೋ... ಇವ್ನಿ ಸಾರ್. ಇಲ್ಲೇ ಇವ್ನಿ... ಹೊಂಟ್ತಾ? ಜೀಪು ಹೊಂಟ್ತಾ?..."

...

"ಮಗಾನಾ?... ನನ್ನ ಕೈಯಾಗೇ ಐತೆ... ಇಲ್ಲ. ಇಲ್ಲ ಸಾರ್. ಆಯ್ತು... ಹೋಯ್ತು."

...

"ಬ್ಯಾಡ! ಜೀಪು ವಾಪಸ್ ಕರೀಬ್ಯಾಡಿ! ಬರ್ಲಿ. ಅದೇ ಹಟ್ಟೀಲಿ, ಅದೇ ತಟ್ಟೇಲಿ ಉಂಡ ಮಕ್ಳು ಇನ್ನೂ ಹದಿನಾಲ್ಕವೆ. ಎಲ್ಲರ ಹೆಸ್ರಿನ ಮುಂದೂ ಮೂರು ಗೆರೆ ಐತೆ. ನಂಬ್ಬೇಡಿ ಸಾರ್, ಎಲ್ಲಾ ನಂದೇ ಕೈ. ಇನ್ನೂ ಔಷಧಿ ಎಷ್ಟೈತೋ ಅಷ್ಟೂ ಅದರ ಹಿಂದೇನೇ ಕಳಿಸಿ. ಒಳೀಕೆ ನಾನು ಹೋಯ್ತೀನಿ, ಅಜ್ಜಿ ಕರ್ಕೊಂಡು ಹೋಯ್ತದೆ... ಪೆನ್ನು ತಗೊಂಡ್ರಾ? ಬರ್ಕೊಳಿ. ಸಣ್ಣರಂಗಯ್ಯನ ಮಗಳು ಈರಕ್ಕ, ಒಂದೇ. ಗಂಗಣ್ಣನ ಮಗ ನರಸಪ್ಪ, ಒಂದೇ. ಕದರಪ್ಪನ ಅವಳಿ ಕೂಸುಗಳು, ಒಂದೊಂದೇ. ದೊಡ್ಡಕ್ಕನ ಮಗಳು... ಹಲೋ?... ಬರ್ಕೊತಾ ಇದ್ದೀರಲ್ವಾ ಸಾರ್?... ದೊಡ್ಡಕ್ಕನ ಮಗಳು, ಅದಕ್ಕೆ ಒಂದೂ ಇಲ್ಲ... ಹಲೋ... ಪರ್ವತಯ್ಯನೋರೆ... ಹಲೋ..."